ಯೂರಿಯಾ ಚೀಲದ ಮೇಲೆ

ಮಾಗಿ ಬಂದರೆ ಶಿಡ್ಲಘಟ್ಟದಲ್ಲಿ
ನಮ್ಮಷ್ಟು ಬೆಚ್ಚಗಿರುವವರು ಯಾರೂ ಇಲ್ಲ.
ಊರೆಲ್ಲ ಕಿವಿಗೆ ಮಫ್ಲರ್ ಸುತ್ತಿ
ಟೀ ಅಂಗಡಿ ಮುಂದೆ ಅಂಗೈ ತಿಕ್ಕುವಾಗ
ನಾವು ಮೊಣಕೈವರೆಗೆ ಹಬೆಯಲ್ಲಿ,
ಕುದಿನೀರಲ್ಲಿ ಕುಣಿಯುವ ಗೂಡುಗಳಿಂದ
ಎಳೆಯ ತುದಿ ಹುಡುಕುತ್ತಿರುತ್ತೇವೆ.
ಬೆರಳು ಬೆಳ್ಳಗೆ, ಸುಕ್ಕು ಸುಕ್ಕು,
ಹಿತಕಿದ ಅವರೆಯ ಸಿಪ್ಪೆ ಹಾಗೆ.
ಮೈಯೆಲ್ಲ ಹುಳದ ವಾಸನೆ.

ಬಾಯ್ಲರ್ ಕೆಟ್ಟ ದಿನ
ಚಳಿ ಹೇಗಿರತ್ತೆ ನೋಡಿ ಬರೋಣ ಅಂದವಳು ಗೌಸಿಯಾ.
ಮೊದಲ ಬಸ್ಸಿಗೇ ನಾಲ್ಕು ಜನ,
ನಾಲ್ಕು ಆಧಾರ್ ಕಾರ್ಡು, ಒಂದು ಬುತ್ತಿ.
"ಏನ್ರಮ್ಮಾ, ಮದುವೆಗಾ?" ಕಂಡಕ್ಟರ್ ಕೇಳಿದ.
"ಬೆಟ್ಟಕ್ಕೆ."
"ಬೆಟ್ಟದಾಗೆ ಏನೈತೆ?"
"ಬೆಟ್ಟ ಐತೆ" ಅಂದಳು ಪಿಳ್ಳಾಂಜಿನಮ್ಮ,
ಸೊನ್ನೆ ಬರೆದ ಟಿಕೇಟನ್ನು ರವಿಕೆಯೊಳಗೆ ಇಡುತ್ತ.

ಕಾವಳ.
ಹತ್ತು ಹೆಜ್ಜೆ ಮುಂದಿದ್ದ ಭಾಗ್ಯ ಬರೀ ಕೆಮ್ಮಾಗಿದ್ದಳು.
ಬಾದೆಹುಲ್ಲು ಸೀರೆಯನ್ನು ಮೊಣಕಾಲತನಕ ನೆನೆಸಿತು.
ಎಲಚಿ ಗಿಡ ಸೆರಗು ಹಿಡಿದು
ತಿಂದೇ ಹೋಗು ಅಂತ ನಿಲ್ಲಿಸಿತು.
ಹುಳಿ. ಬೀಜ ಉಗುಳುತ್ತ ಹತ್ತಿದೆವು.
ತಲೆಗೆ ಟಾರ್ಚು ಕಟ್ಟಿದ ಹುಡುಗರು ಎದುರಿಗೆ ಇಳಿದು ಬಂದರು,
ಕೈಯಲ್ಲಿ ಮಡಿಸುವ ಕೋಲು.
"ಸನ್‌ರೈಸ್ ಸಿಗಲಿಲ್ಲ ಆಂಟಿ, ಬರೀ ಮಂಜು."
ಕೊಟ್ಟ ಸಾಲ ಕೇಳಲು ಹೋಗಿ
ಬೀಗ ನೋಡಿ ಬಂದವರ ಮುಖ.
ನಮಗೆ ಬೇಕಾಗಿದ್ದದ್ದೇ ಮಂಜು.

ಮೇಲೆ ದೊಣೆ. ಕೈ ಅದ್ದಿದೆ.
ಮೊದಲು ಏನೂ ಗೊತ್ತಾಗಲಿಲ್ಲ.
ಆಮೇಲೆ ನೋವು.
ಆಮೇಲೆ, ಎಷ್ಟೋ ವರ್ಷದ ಮೇಲೆ,
ಹತ್ತು ಬೆರಳೂ ಬೇರೆ ಬೇರೆ ಇವೆ ಅಂತ ತಿಳಿಯಿತು.

ದೊಣೆಯಾಚೆ ಜಾರುಬಂಡೆ.
ಬೋಳು, ಕಪ್ಪು; ನಡುವೆ ಮೊಳದಗಲ ಹೊಳಪು,
ಮೇಕೆ ಕಾಯುವ ಹುಡುಗರು, ಅವರಪ್ಪಂದಿರು, ಅವರ ತಾತಂದಿರು
ಚಡ್ಡಿ ಹರಿದುಕೊಂಡು ತಿಕ್ಕಿ ತಿಕ್ಕಿ ಕೊಟ್ಟದ್ದು.
ಈಗಿನ ವಾರಸುದಾರ ಚೇತು ಅಲ್ಲೇ ಕೂತಿದ್ದ,
ಕಂಬಳಿಯೊಳಗೆ ಮೂಗು, ಪಕ್ಕದಲ್ಲಿ ಯೂರಿಯಾ ಚೀಲ.
"ಒಂದು ಸಲಕ್ಕೆ ಒಂದು ರೊಟ್ಟಿ."
ಚೌಕಾಸಿಗೆ ಒಪ್ಪಲಿಲ್ಲ.
ಹುಚ್ಚೆಳ್ಳು ಚಟ್ನಿ ಮಾತ್ರ ಹೆಚ್ಚಿಗೆ ಹಾಕಿಸಿಕೊಂಡ.

ಗೌಸಿಯಾ ಬುರ್ಖಾವನ್ನು ಮೊಣಕಾಲಿಗೆ ಸುತ್ತಿ
ಮಡಿಸಿದ ಕೊಡೆಯಂತೆ ಕೂತಳು.
"ಯಾ ಅಲ್ಲಾ" ಅಂದದ್ದು ಮೇಲೆ ಕೇಳಿಸಿತು,
ನಗು ಕೆಳಗಿನಿಂದ.

ನನ್ನ ಸರದಿ.
ನಲವತ್ತಾರು ವಯಸ್ಸು. ಸೊಂಟದ ಮೂಳೆ ಸವೆದದ್ದನ್ನು
ಡಾಕ್ಟರು ಬೆಳಕಿಗೆ ಹಿಡಿದು ತೋರಿಸಿದ್ದರು.
ಚೇತು ಬೆನ್ನಿಗೆ ಕೈ ಇಟ್ಟ, ಕೇಳಲಿಲ್ಲ, ತಳ್ಳಿದ.

ಮೊದಲು ತಡವರಿಸಿದೆ,
ಬ್ರಷ್ಷಿಗೆ ಸಿಗದ ಗೂಡಿನ ಹಾಗೆ.
ಆಮೇಲೆ ತುದಿ ಸಿಕ್ಕಿತು.
ಸರ್ರನೆ, ಎಲ್ಲೂ ಕಡಿಯದೆ,
ಕೆಳಗೆ ಯಾರೋ ರಾಟೆ ತಿರುಗಿಸುತ್ತಿದ್ದಾರೆ,
ಬಿಚ್ಚಿಕೊಂಡೆ:
ಬಾಡಿಗೆ, ಅಡ್ವಾನ್ಸು, ಮಗಳ ಹಾಸ್ಟೆಲ್ಲು,
ಸುತ್ತಿನ ಮೇಲೆ ಸುತ್ತು, ಅಷ್ಟೂ ಬಿಚ್ಚಿಕೊಂಡೆ.
ಒಳಗಿದ್ದ ಹುಳ
ಈ ಸಲ ಬದುಕಿತ್ತು.

ಇನ್ನೊಂದು ಸಲ. ಮತ್ತೊಂದು.
ಭಾಗ್ಯ ಅಡ್ಡಡ್ಡ ಹೋಗಿ ಹುಲ್ಲಿಗೆ ಬಿದ್ದಳು.
ಪಿಳ್ಳಾಂಜಿನಮ್ಮ ಎಲ್ಲರ ಚಪ್ಪಲಿ ಕಾಯುತ್ತ
"ಥೂ, ನಿಮ್ಮ ವಯಸ್ಸಿಗೆ" ಅನ್ನುತ್ತಲೇ ಇದ್ದಳು;
ನಾವು ನೀರು ಕುಡಿಯಲು ತಿರುಗಿದಾಗ
ಚೀಲ ಅವಳ ಕೆಳಗಿತ್ತು,
ಕೆಳಗೆ ಹೋದ ಮೇಲೂ
ಚಪ್ಪಲಿ ನಾಲ್ಕು ಜೊತೆ ಎದೆಗೆ ಅವಚಿಕೊಂಡೇ ಇದ್ದಳು.

ಬಿಸಿಲು ಬಿತ್ತು. ಮಂಜು ಹರಿಯಿತು.
ಕೆರೆ ಕಂಡಿತು, ಸೊಪ್ಪಿನ ತೋಟ ಕಂಡಿತು.
ನಮ್ಮ ಚಿಮಣಿ ಯಾವುದು ಅಂತ
ಯಾರೂ ಹುಡುಕಲಿಲ್ಲ.

ಈಗ ಬಾಯ್ಲರ್ ರಿಪೇರಿಯಾಗಿದೆ.
ಬೆರಳು ಮತ್ತೆ ಬೆಳ್ಳಗಾಗಿವೆ.
ಹರಿದ ಸೀರೆಗೆ ಒಳಗಿನಿಂದ ತೇಪೆ ಹಾಕಿದ್ದೇನೆ.
ಚೇತುವಿಗೆ ಎರಡು ರೊಟ್ಟಿ ಬಾಕಿ ಇದೆ,
ಬುತ್ತಿಯಲ್ಲಿ ಅಷ್ಟೇ ಇದ್ದದ್ದು.
ಬಾಯ್ಲರ್ ಹಳೆಯದು.
ಸಂಕ್ರಾಂತಿಯೊಳಗೆ
ಇನ್ನೊಮ್ಮೆ ಕೆಟ್ಟರೂ ಕೆಟ್ಟೀತು.